ಕಬ್ಬಿನ ಹೇನೂ ನಂಜುರೋಗವೂ: ಮಂಡ್ಯಸೀಮೆಯ ಬೇಸಾಯ ಚರಿತ್ರೆಯ ಒಂದು ಭಾಗ

ಕೌಟಿಲ್ಯನು ಅರ್ಥಶಾಸ್ತ್ರದ ಸೀತಾಧ್ಯಕ್ಷ ಪ್ರಕರಣದಲ್ಲಿ ಬೆಳೆಗಳ ತಾರತಮ್ಯವನ್ನು ಹೇಳುವಾಗ ನೆಲ್ಲು ಮೊದಲಾದ ಧಾನ್ಯಗಳನ್ನು ಉತ್ತಮವೆಂದೂ, ತರಕಾರಿ ಮುಂತಾದ ತೋಟದ ಬೆಳೆಗಳನ್ನು ಮಧ್ಯಮವೆಂದೂ, ಕಬ್ಬನ್ನು ಎಲ್ಲಕ್ಕಿಂತ ಕೆಳಗಿನದೆಂದೂ ಎಣಿಸಿರುವನು. ಅದಕ್ಕೆ ಆತನು ಕೊಡುವ ಕಾರಣಗಳು ಎರಡು: ಕಬ್ಬಿಗೆ ಬಾಧೆಗಳು ಬಹಳ; ವೆಚ್ಚವೂ ಬಹಳ. ಈ ಗ್ರಂಥವನ್ನು ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಬೆಳಕಿಗೆ ತಂದು ೧೯೦೯ರಲ್ಲಿ ಅಚ್ಚುಮಾಡಿಸಿದವರು ಆರ್. ಶಾಮಶಾಸ್ತ್ರಿಗಳು. ಅದಾದ ಕಾಲು ಶತಮಾನದೊಳಗಾಗಿ ಅದೇ ಮೈಸೂರಿನ ಸರ್ಕಾರವು, ಕೌಟಿಲ್ಯನು ಕೀಳೆಂದ ಬೆಳೆಯನ್ನೇ ಮಂಡ್ಯಸೀಮೆಯ ಮುಖ್ಯವಾದ ಬೆಳೆಯನ್ನಾಗಿ ಮಾಡಿತು. ಲಾಭದ ವಿಷಯದಲ್ಲಿ ಕೌಟಿಲ್ಯನ ಎಣಿಕೆ ಹುಸಿಯಾಯಿತೆಂದು ಹೇಳಬಹುದಾದರೂ, ಬಾಧೆಗಳ ವಿಷಯದಲ್ಲಿ ಆತನ ಮಾತು ಇಂದಿಗೂ ನಿಂತಿದೆ. ಆ ಬಾಧೆಗಳ ಪೈಕಿ ಕಣ್ಣಿಗೆ ಅತ್ಯಲ್ಪವಾಗಿ ಕಾಣುವ ಒಂದು ಕೀಟ, ಎಂದರೆ ಗಿಡದ ಹೇನು, ಮತ್ತು ಕಣ್ಣಿಗೆ ಕಾಣದ ಒಂದು ವಸ್ತು, ಎಂದರೆ ಅದು ಹೊತ್ತುತರುವ ನಂಜು, ಇವೆರಡರ ಸಂಬಂಧವನ್ನು ಜನರು ಯಾವಾಗ ಅರಿತರು, ಅರಿತ ಬಳಿಕ ಏನು ಮಾಡಿದರು ಎಂಬುದು ವಿಚಾರಾರ್ಹವಾಗಿದೆ.

ಪ್ರಾಚೀನ ಗ್ರಂಥಗಳಲ್ಲಿ ಇದಕ್ಕೆ ಆಧಾರವನ್ನು ಹುಡುಕುವವರು ಮೊದಲು ಈತಿಬಾಧೆಗಳ ಪಟ್ಟಿಯನ್ನು ನೋಡುವರು. ಅತಿವೃಷ್ಟಿ, ಅನಾವೃಷ್ಟಿ, ಇಲಿ, ಮಿಡಿತೆ, ಗಿಳಿ, ನೆರೆಯ ಅರಸರು ಎಂಬ ಆರೂ ಬೆಳೆಯನ್ನು ಬಹಿರಂಗವಾಗಿ ಹಾಳುಮಾಡತಕ್ಕವು. ಹೇನಿಗೆ ಅಲ್ಲಿ ಸ್ಥಾನವಿಲ್ಲ. ಕೌಟಿಲ್ಯನಾದರೋ ಇಲಿಗಳ ಕಾಟಕ್ಕೆ ಪ್ರತೀಕಾರವನ್ನು ವಿಧಿಸಿ, ಮಿಡಿತೆ, ಹಕ್ಕಿ, ಕ್ರಿಮಿಗಳ ಭಯಕ್ಕೂ ಅದೇ ರೀತಿಯೆಂದು ಒಂದು ಮಾತಿನಲ್ಲಿ ಮುಗಿಸಿಬಿಡುವನು. ವರಾಹಮಿಹಿರನ ಬೃಹತ್ಸಂಹಿತೆಯ ವೃಕ್ಷಾಯುರ್ವೇದಾಧ್ಯಾಯದಲ್ಲಿ ಎಲೆ ಬೆಳ್ಳಗಾಗುವುದು, ಚಿಗುರು ಬೆಳೆಯದಿರುವುದು, ಕೊಂಬೆ ಒಣಗುವುದು, ರಸ ಸೋರುವುದು ಎಂಬ ರೋಗಲಕ್ಷಣಗಳು ಹೇಳಲ್ಪಟ್ಟಿವೆ. ಇವುಗಳಲ್ಲಿ ಮೊದಲೆರಡು ಇಂದಿನ ನಂಜುರೋಗಗಳ ಲಕ್ಷಣಗಳನ್ನು ಹೋಲುವುದು ನಿಜ. ಆದರೆ ಆಚಾರ್ಯನು ಅವಕ್ಕೆ ಕಾರಣವಾಗಿ ಹೇಳಿರುವುದು ಚಳಿ, ಗಾಳಿ, ಬಿಸಿಲುಗಳನ್ನು, ಹೇನನ್ನಲ್ಲ. ಕೆಟ್ಟ ಭಾಗವನ್ನು ಕತ್ತಿಯಿಂದ ಕೊಯ್ದು, ವಾಯುವಿಳಂಗ, ತುಪ್ಪ, ಕೆಸರು ಇವುಗಳ ಲೇಪವನ್ನು ಬಳಿದು, ಹಾಲುನೀರನ್ನು ಎರೆಯಬೇಕೆಂಬುದು ಆತನ ಚಿಕಿತ್ಸೆ. ಸುರಪಾಲನ ವೃಕ್ಷಾಯುರ್ವೇದವು ಇನ್ನೂ ಸ್ಪಷ್ಟವಾಗಿದೆ. ಆತನು ಗಿಡಗಳ ರೋಗಗಳನ್ನು ಒಳಗಿನವು, ಹೊರಗಿನವು ಎಂದು ಎರಡಾಗಿ ವಿಂಗಡಿಸಿ, ವಾತಪಿತ್ತಕಫಗಳಿಂದ ಹುಟ್ಟಿದುವನ್ನು ಒಳಗಿನವೆಂದೂ, ಹುಳುಗಳಿಂದಲೂ ಹವೆಯಿಂದಲೂ ಬಂದುವನ್ನು ಹೊರಗಿನವೆಂದೂ ಹೇಳುವನು. ಈ ವಿಭಾಗವೇ ಗಮನಿಸತಕ್ಕದ್ದು. ಹೊರಗಿನ ಹುಳುವೇ ಒಳಗಿನ ರೋಗವನ್ನು ತಂದಿಡಬಲ್ಲದೆಂಬ ಕಲ್ಪನೆಗೆ ಇಲ್ಲಿ ಎಡೆಯಿಲ್ಲ. ಕನ್ನಡದಲ್ಲಿ ಹನ್ನೊಂದನೆಯ ಶತಮಾನದ ಚಾವುಂಡರಾಯನ ಲೋಕೋಪಕಾರವು ವೃಕ್ಷಾಯುರ್ವೇದಕ್ಕಾಗಿ ಒಂದು ಪ್ರಕರಣವನ್ನೇ ಮೀಸಲಿಟ್ಟಿರುವುದಾದರೂ, ಅದೂ ಈ ಸಂಪ್ರದಾಯಕ್ಕೆ ಸೇರಿದ್ದೇ ಆಗಿದೆ. ಇಂದಿನ ಶಾಸ್ತ್ರದ ನಿರ್ಣಯಗಳನ್ನೆಲ್ಲ ಹಳೆಯ ಶ್ಲೋಕಗಳೊಳಗೆ ಓದುವ ಅಭ್ಯಾಸವು ಪೂರ್ವಾಚಾರ್ಯರಿಗೆ ಗೌರವವನ್ನು ತರುವಂಥದಲ್ಲ. ಅವರು ಕಂಡುದನ್ನು ಕಂಡಷ್ಟೇ ಹೇಳಿದರೆಂಬುದೇ ಅವರ ಹಿರಿಮೆ.

ಆದರೂ ಒಂದು ಮಾತನ್ನು ಬಿಡುವಂತಿಲ್ಲ. ಕಬ್ಬಿನಂತೆ ಕಾಂಡದಿಂದ ಬೆಳೆಯುವ ಬೆಳೆಗಳನ್ನು ನೆಡುವ ಮುನ್ನ ತುಂಡಿನ ಕೊಯ್ದ ಬಾಯಿಗೆ ಜೇನು, ತುಪ್ಪ, ಹಂದಿಯ ಕೊಬ್ಬು, ಸಗಣಿ ಇವುಗಳನ್ನು ಬಳಿಯಬೇಕೆಂದು ಕೌಟಿಲ್ಯನು ವಿಧಿಸಿರುವನು. ಇದು ಕೊಳೆಯುವುದನ್ನು ತಡೆಯಲು ಹೇಳಿದ ಉಪಾಯವೇ ಹೊರತು ನಂಜಿಗೆ ಮದ್ದಲ್ಲ. ಕಬ್ಬಿನ ಆರೋಗ್ಯದ ವಿಚಾರವು ಬಿತ್ತನೆಯ ತುಂಡಿನಿಂದಲೇ ಮೊದಲಾಗಬೇಕೆಂಬ ಬುದ್ಧಿ ಮಾತ್ರ ಅಲ್ಲಿ ಕಾಣುತ್ತದೆ.

ಇನ್ನು ಪದಗಳ ವಿಚಾರ. ಹೇನು ಎಂಬುದು ಹಳಗನ್ನಡದ ಪೇನ್. ತಮಿಳಿನಲ್ಲಿ ಪೇನ್, ತೆಲುಗಿನಲ್ಲಿ ಪೇನು. ಪಕಾರವು ಹಕಾರವಾದ ಮೇಲೆ ಪಾಲು ಹಾಲಾದಂತೆ ಇದೂ ಹೇನಾಯಿತು. ಸಂಸ್ಕೃತದ ಯೂಕಾ ಶಬ್ದಕ್ಕೆ ಇದೇ ಅರ್ಥ. ಇವೆಲ್ಲ ಮೂಲತಃ ತಲೆಯ ಹೇನಿಗೆ ಸಲ್ಲತಕ್ಕವು. ರೈತನು ಅವರೆಯ ಕುಡಿಯಲ್ಲಿ ಗುಂಪುಗುಂಪಾಗಿ ಅಂಟಿಕೊಂಡ ಕರಿಯ ಹುಳುವಿಗೂ ಆ ಹೆಸರನ್ನೇ ಇಟ್ಟನು. ‘ಸಸ್ಯಹೇನು’ ಎಂಬುದು ಪುಸ್ತಕದ ಮಾತು. ಹೋಲಿಕೆಯು ಬಹಳ ಯುಕ್ತವಾಗಿಯೇ ಇದೆ, ಏಕೆಂದರೆ ಎರಡೂ ಸೂಜಿಯಂಥ ಬಾಯನ್ನು ಚುಚ್ಚಿ ಹೀರಿ ಬದುಕತಕ್ಕವು. ಯೂಕಾದಿಗಳನ್ನು ನಮ್ಮ ಶಾಸ್ತ್ರಗಳು ಸ್ವೇದಜಗಳೆಂದು, ಎಂದರೆ ಬೆವರಿನಿಂದ ಹುಟ್ಟತಕ್ಕವೆಂದು, ಪರಿಗಣಿಸಿದುವು. ಗಿಡದ ಹೇನಿನ ಜನನಕ್ರಮವು ಅದಕ್ಕಿಂತಲೂ ವಿಚಿತ್ರವಾದುದು. ೧೭೪೦ರಲ್ಲಿ ಜಿನೀವಾ ನಗರದ ಚಾರ್ಲ್ಸ್ ಬೊನೆ ಎಂಬಾತನು ಒಂದು ಹೆಣ್ಣು ಮರಿಯನ್ನು ಹುಟ್ಟಿದಂದಿನಿಂದ ಒಂಟಿಯಾಗಿ ಇರಿಸಿ, ಗಂಡಿನ ಸಂಬಂಧವಿಲ್ಲದೆಯೇ ಅದು ಮರಿಗಳನ್ನು ಹೆರುವುದನ್ನು ಕಂಡನು. ತಾಯಿಯ ಬಸಿರೊಳಗಿನ ಮಗಳ ಒಡಲಲ್ಲಿ ಮೊಮ್ಮಗಳೂ ಆಗಲೇ ರೂಪುಗೊಳ್ಳುತ್ತಿರುವುದುಂಟು. ಆದಕಾರಣ ಒಂದು ಹೇನು ಕೆಲವೇ ದಿನಗಳಲ್ಲಿ ಒಂದು ಕುಲವಾಗುತ್ತದೆ. ಇರುವ ಕುಡಿಯಲ್ಲಿ ಸಂದಣಿ ಹೆಚ್ಚಿದಾಗ ರೆಕ್ಕೆಯುಳ್ಳ ಮರಿಗಳು ಹುಟ್ಟಿ ಗಾಳಿಯಲ್ಲಿ ಬೇರೆ ಹೊಲಗಳಿಗೆ ತೇಲಿಹೋಗುವುವು. ರೋಗವು ಹಬ್ಬುವ ಪ್ರಸಂಗದಲ್ಲಿ ಈ ರೆಕ್ಕೆಯವುಗಳೇ ಪ್ರಧಾನವೆಂಬುದನ್ನು ಮುಂದೆ ನೋಡಬಹುದು.

ಮಂಡ್ಯ, ಮದ್ದೂರು, ಮಳವಳ್ಳಿಗಳ ನೆಲವು ಮೊದಲಿನಿಂದಲೂ ಕೆರೆಯ ಕೆಳಗಿನ ಗದ್ದೆಗಳಿಗೂ ಬೆದ್ದಲು ಹೊಲಗಳಿಗೂ ಹಂಚಿಹೋಗಿದ್ದಿತು. ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನವು, ಕ್ರಿ. ಶ. ೯೫೦ರ ಸುಮಾರಿನದು, ಹಂದಿಯೊಡನೆ ಹೋರಾಡಿ ಸತ್ತ ಕಾಳಿಯೆಂಬ ನಾಯಿಯ ಕಥೆಯಿಂದ ಸಾಹಿತ್ಯಾಭ್ಯಾಸಿಗಳಿಗೆಲ್ಲ ಪರಿಚಿತವಾಗಿದೆ. ಆ ಕಲ್ಲಿನ ಪೂಜೆಗಾಗಿ ಬಿಟ್ಟದ್ದು ಹಿರಿಯ ಕೆರೆಯ ಕೆಳಗಿನ ಎರಡು ಕಂಡುಗದ ಭೂಮಿ. ಹೀಗೆ ಶಾಸನಗಳಿಂದ ಕೆರೆ ಗದ್ದೆಗಳ ವಿವರವು ದೊರೆಯುವುದೇ ಹೊರತು ಬೆಳೆಯ ರೋಗದ ಸುದ್ದಿಯು ದೊರೆಯುವುದು ಅಪರೂಪ. ೧೮೦೦ರಲ್ಲಿ ಬೆಂಗಳೂರಿನಿಂದ ಶ್ರೀರಂಗಪಟ್ಟಣಕ್ಕೆ ಈ ದಾರಿಯಲ್ಲಿಯೇ ಬಂದ ಡಾಕ್ಟರ್ ಫ್ರಾನ್ಸಿಸ್ ಬುಕ್ಯಾನನ್ ಎಂಬಾತನು ಮೈಸೂರು ದೇಶದ ಕಬ್ಬಿನ ಜಾತಿಗಳನ್ನು ಹೆಸರಿಸಿರುವನು. ರಸದಾಳಿಯು ದೇಶದ್ದೇ ಆದ ಕಬ್ಬೆಂದೂ, ಪಟ್ಟಾಪಟ್ಟಿಯು ಹೈದರನ ಕಾಲದಲ್ಲಿ ಆರ್ಕಾಟಿನಿಂದ ಬಂದುದೆಂದೂ ಅವನ ಬರಹದಿಂದ ತಿಳಿದುಬರುತ್ತದೆ. ಎಂದರೆ ಕಬ್ಬು ಊರಿಂದೂರಿಗೆ ಪ್ರಯಾಣ ಮಾಡುವುದು ತುಂಡಿನ ರೂಪದಲ್ಲಿಯೇ. ತುಂಡಿನೊಳಗೆ ರೋಗವಿದ್ದರೆ ಅದೂ ಜೊತೆಯಲ್ಲಿಯೇ ಪ್ರಯಾಣ ಮಾಡುವುದು. ಈ ಎರಡನೆಯ ಸಂಗತಿಯನ್ನು ಅರಿಯಲು ಮತ್ತೆ ನೂರಿಪ್ಪತ್ತು ವರ್ಷಗಳು ಬೇಕಾದುವು.

ಮಳವಳ್ಳಿ ಕಡೆಯ ಬೆದ್ದಲಿನಲ್ಲಿ ರಾಗಿಯ ನಡುವೆ ಅಕ್ಕಡಿಯಾಗಿ ಹಾಕುವ ಅವರೆಗೂ ಅಲಸಂದೆಗೂ ಹೇನು ಬಿದ್ದಾಗ, ಇಬ್ಬನಿ ಆರುವ ಮುನ್ನ ಒಲೆಯ ಬೂದಿಯನ್ನು ಎರಚುವುದು ನಮ್ಮ ಒಕ್ಕಲಿನ ಹಳೆಯ ಉಪಾಯ. ಹೊಗೆಸೊಪ್ಪಿನ ಕಷಾಯವನ್ನು ಚಿಮುಕಿಸುವುದೂ ಉಂಟು. ಹೇನು ಹೀರುವುದರಿಂದ ಆಗುವ ನಷ್ಟಕ್ಕೆ ಇವು ತಕ್ಕಮಟ್ಟಿನ ಪರಿಹಾರಗಳೇ ಸರಿ.

ಈ ಸೀಮೆಯ ರೂಪವನ್ನು ಬದಲಾಯಿಸಿದ್ದು ನಾಲೆ. ೧೯೧೧ರಲ್ಲಿ ಆರಂಭವಾದ ಕೃಷ್ಣರಾಜಸಾಗರದಿಂದ ಹೊರಟು, ಹುಲಿಕೆರೆಯ ಬಳಿ ಸುರಂಗವನ್ನು ಹೊಕ್ಕು ಮಂಡ್ಯದ ಕಡೆಗೆ ಬರುವ ಇರ್ವಿನ್ ನಾಲೆಯು, ಈಗಿನ ವಿಶ್ವೇಶ್ವರಯ್ಯ ನಾಲೆಯು, ಮೂವತ್ತರ ದಶಕದ ಮೊದಲಿನಲ್ಲಿ ಮಂಡ್ಯ ಮದ್ದೂರು ಮಳವಳ್ಳಿಗಳ ಬೆದ್ದಲನ್ನು ತರಿಯಾಗಿ ಮಾಡಿತು. ನಾಲೆಯ ಬಯಲಿನ ಬೇಸಾಯವನ್ನು ಶೋಧಿಸುವುದಕ್ಕಾಗಿ ೧೯೩೧ರಲ್ಲಿ ಮಂಡ್ಯದ ಬಳಿ ಏರ್ಪಟ್ಟ ಫಾರಮ್ಮು ಇಂದು ವಿ. ಸಿ. ಫಾರಂ ಎಂದು ಹೆಸರಾಗಿದೆ. ೧೯೩೩ರಲ್ಲಿ ಮೈಸೂರು ಸಕ್ಕರೆ ಕಂಪೆನಿಯು ಸ್ಥಾಪಿತವಾಗಿ, ೧೯೩೪ರ ಜನವರಿಯಲ್ಲಿ ಮಂಡ್ಯದ ಕಾರ್ಖಾನೆಯು ಕಬ್ಬನ್ನು ಅರೆಯತೊಡಗಿತು. ೧೯೩೯ರಲ್ಲಿ ಮಂಡ್ಯವು ಬೇರೆ ಜಿಲ್ಲೆಯಾಯಿತು. ಈ ಏರ್ಪಾಡುಗಳ ಹಿಂದೆ ನಿಂತವರಲ್ಲಿ ಮುಖ್ಯರಾದವರು ಮೈಸೂರಿನ ವ್ಯವಸಾಯ ಇಲಾಖೆಯ ಡೈರೆಕ್ಟರಾಗಿದ್ದ ಡಾಕ್ಟರ್ ಲೆಸ್ಲಿ ಕೋಲ್ಮನ್ನರು. ಕೆನಡಾ ದೇಶದ ಇವರು ೧೯೦೮ರಲ್ಲಿ ಮೈಸೂರಿಗೆ ಬಂದದ್ದು ಕೀಟಗಳನ್ನೂ ಬೂಷ್ಟುರೋಗಗಳನ್ನೂ ವಿಚಾರಿಸುವ ಶಾಸ್ತ್ರಜ್ಞರಾಗಿ. ಅಡಕೆಯ ಕೊಳೆರೋಗಕ್ಕೆ ಮೈಲುತುತ್ತದ ಮತ್ತು ಸುಣ್ಣದ ದ್ರಾವಣವನ್ನು ಬಳಕೆಗೆ ತಂದವರು ಇವರೇ. ದಖ್ಖನಿನ ಜೋಳದ ಮಿಡಿತೆಯ ಶಾಸ್ತ್ರೀಯನಾಮದಲ್ಲಿ ಇಂದಿಗೂ ಇವರ ಹೆಸರಿದೆ. ಹೀಗೆ ಕಾರ್ಖಾನೆಯ ಕಬ್ಬಿನ ಯೋಜನೆಯು ಒಬ್ಬ ಕೀಟಶಾಸ್ತ್ರಜ್ಞರ ಕೈಯಲ್ಲಿ ರೂಪುಗೊಂಡಿತು. ಆದರೆ ನಾಲೆಯ ನೀರು ತಂದ ಒಂದು ಬದಲಾವಣೆಯನ್ನು ಯಾವ ಯೋಜನೆಯೂ ತಡೆಯುವಂತಿರಲಿಲ್ಲ. ಬೆದ್ದಲಿನ ಕಾಲದಲ್ಲಿ ಬೇಸಗೆಯು ಹೊಲವನ್ನು ಒಣಗಿಸಿ ಕೀಟಗಳ ಕುಲವನ್ನು ತಾನೇ ಕುಗ್ಗಿಸುತ್ತಿದ್ದಿತು. ಈಗ ತನಿಕಬ್ಬಿನ ಪಕ್ಕದಲ್ಲಿ ಕೂಳೆ, ಕೂಳೆಯ ಪಕ್ಕದಲ್ಲಿ ನಾಟಿ ಎಂಬಂತೆ ವರ್ಷವೆಲ್ಲ ಹಸಿರು ನಿಂತಿತು.

ಅಷ್ಟರಲ್ಲಿ ಹೊರದೇಶಗಳಲ್ಲಿ ಮಹತ್ತಾದ ಒಂದು ಸಂಗತಿಯು ಗೊತ್ತಾಗಿದ್ದಿತು. ಜಾವಾದ್ವೀಪದ ಕಬ್ಬಿನ ಎಲೆಗಳಲ್ಲಿ ಹಳದಿಯ ಗೀರುಗಳು ಮೂಡಿ ಬೆಳೆ ಕುಗ್ಗುವ ರೋಗವನ್ನು ಅಲ್ಲಿನ ಡಚ್ಚರು ೧೮೯೨ರಲ್ಲಿಯೇ ವರ್ಣಿಸಿದ್ದರು. ಇದೇ ತರುವಾಯ ಮೊಜಾಯಿಕ್ ಎಂದು ಹೆಸರಾದುದು. ೧೯೨೦ರಲ್ಲಿ ಅಮೆರಿಕೆಯ ಬ್ರ್ಯಾಂಡಿಸ್ ಎಂಬ ವಿದ್ವಾಂಸನು, ಮುಸುಕಿನ ಜೋಳದ ಹೇನು ಈ ರೋಗವನ್ನು ಗಿಡದಿಂದ ಗಿಡಕ್ಕೆ ಒಯ್ಯುವುದೆಂದು ಪ್ರಯೋಗದಿಂದ ತೋರಿಸಿದನು. ಮೂರು ವರ್ಷಗಳ ತರುವಾಯ, ೧೯೨೩ರಲ್ಲಿ, ಬಿಹಾರದ ಪೂಸಾದಲ್ಲಿ ದಸ್ತೂರರು ಭಾರತದ ಕಬ್ಬಿನಲ್ಲಿಯೂ ಇದೇ ರೋಗವನ್ನು ಗುರುತಿಸಿದರು. ಸುರಪಾಲನು ಬೇರೆಬೇರೆಯಾಗಿ ಇರಿಸಿದ್ದ ಒಳಗಿನ ರೋಗವೂ ಹೊರಗಿನ ಹುಳುವೂ ಇಲ್ಲಿ ಒಂದಕ್ಕೊಂದು ಕೂಡಿಕೊಂಡುವು. ಕನ್ನಡನಾಡಿನಲ್ಲಿ ಇಂಥದೇ ಇನ್ನೊಂದು ನಿದರ್ಶನವು ಕೊಡಗು ಮಲೆನಾಡುಗಳ ಏಲಕ್ಕಿಯ ಕಟ್ಟೆರೋಗ. ರೈತರು ಹೆಸರಿಟ್ಟು ಬಹುಕಾಲದಿಂದ ಬಲ್ಲ ಆ ರೋಗವನ್ನು ಬಾಳೆಯ ಹೇನು ಹರಡುವುದೆಂಬುದು ೧೯೪೫ರಲ್ಲಿ ಸ್ಥಾಪಿತವಾಯಿತು. ಪಾಶ್ಚಾತ್ಯರು ಈ ರೋಗಕಾರಕಕ್ಕೆ ಇಟ್ಟ ವೈರಸ್ ಎಂಬ ಲ್ಯಾಟಿನ್ ಹೆಸರಿಗೆ ಮೂಲಾರ್ಥವು ವಿಷ. ಕನ್ನಡದ ಕೃಷಿಗ್ರಂಥಗಳು ಅದನ್ನು ನಂಜು ಎಂದು ಕರೆದಿರುವುದು ಬಹು ಸಮರ್ಪಕವಾಗಿದೆ.

ಹೇನೇ ಕಾರಣವಾದರೆ ಹೇನನ್ನು ಕೊಂದರೆ ಸಾಕಲ್ಲವೇ ಎಂಬುದು ಯಾರಿಗಾದರೂ ತೋರುವ ತರ್ಕ. ಈ ತರ್ಕವು ಎಷ್ಟು ಸರಳವೋ ಅಷ್ಟೇ ದುಬಾರಿಯಾದುದು. ಇದನ್ನು ನಂಬಿದ ರೈತನು ಮದ್ದಿಗೆ ಹಣವನ್ನು ಸುರಿದು ರೋಗವನ್ನು ಉಳಿಸಿಕೊಳ್ಳುವನು. ಮೊಜಾಯಿಕ್ ಜಾತಿಯ ನಂಜು ಹೇನಿನ ಹೊಟ್ಟೆಗೆ ಇಳಿಯುವುದಿಲ್ಲ. ಬಾಯಸೂಜಿಯ ಮೊನೆಯಲ್ಲಿಯೇ ಅಂಟಿಕೊಂಡಿರುತ್ತದೆ. ರೆಕ್ಕೆಯ ಹೇನು ಎಲೆಯ ಮೇಲೆ ಇಳಿದು, ಇದು ತನ್ನ ಆಹಾರವೋ ಅಲ್ಲವೋ ಎಂದು ಪರೀಕ್ಷಿಸಲು ಒಮ್ಮೆ ಚುಚ್ಚಿನೋಡುವುದು. ಆ ಕೆಲವು ಕ್ಷಣಗಳಲ್ಲಿಯೇ ನಂಜು ಹತ್ತುತ್ತದೆ. ಮುಂದಿನ ಗಿಡದಲ್ಲಿ ಹಾಗೆಯೇ ಕೆಲವು ಕ್ಷಣಗಳಲ್ಲಿ ಇಳಿಯುತ್ತದೆ. ಸಿಂಪಡಿಸಿದ ಮದ್ದು ಹೇನನ್ನು ಕೊಲ್ಲುವುದು ಸತ್ಯವೇ. ಆದರೆ ಸಾಯುವ ಮುನ್ನವೇ ಅದು ತನ್ನ ಕೆಲಸವನ್ನು ಮುಗಿಸಿರುತ್ತದೆ. ಮದ್ದಿನ ಘಾಟಿಗೆ ಕಂಗೆಟ್ಟ ಹೇನು ಗಿಡದಿಂದ ಗಿಡಕ್ಕೆ ಹಾರಿ ರೋಗವನ್ನು ಹೆಚ್ಚಿಸುವುದೂ ಉಂಟು. ಇಷ್ಟೇ ಅಲ್ಲ. ಮುಸುಕಿನ ಜೋಳದ ಹೇನಿಗೆ ಕಬ್ಬು ನಿಜವಾದ ಮನೆಯೇ ಅಲ್ಲ; ಅದು ಜೋಳಗಳಲ್ಲಿಯೂ ಹುಲ್ಲುಗಳಲ್ಲಿಯೂ ಬೆಳೆದು, ಅವು ಒಣಗಿದಾಗ ಹಾರಿ, ದಾರಿಯಲ್ಲಿ ಕಬ್ಬಿನ ಮೇಲೆ ಇಳಿಯತಕ್ಕ ಅತಿಥಿ. ರೈತನು ತನ್ನ ಕಬ್ಬನ್ನು ಎಷ್ಟು ಹುಡುಕಿದರೂ ಅಪರಾಧಿಯು ಅಲ್ಲಿ ಸಿಕ್ಕುವುದಿಲ್ಲ.

ಬಾಳೆಯ ಗೊಂಚಲುತಲೆ ರೋಗವೂ ಕಬ್ಬಿನ ಹಳದಿ ಎಲೆ ರೋಗವೂ ಬೇರೆಯ ವರ್ಗಕ್ಕೆ ಸೇರಿದುವು. ಅವುಗಳ ನಂಜು ಹೇನಿನ ಒಡಲೊಳಗೆ ಹೊಕ್ಕು, ಗಂಟೆಗಳಷ್ಟು ಹೀರಿದ ಬಳಿಕ ಸೇರಿ, ಆಮೇಲೆ ಅದು ಬದುಕಿರುವವರೆಗೂ ಬಿಡದು. ಇಲ್ಲಿ ಹೇನನ್ನು ಕೊಲ್ಲುವುದರಿಂದ ಸ್ವಲ್ಪ ಪ್ರಯೋಜನವಿದೆ. ಈ ಭೇದವನ್ನು ತಿಳಿಯದೆ ಎಲ್ಲಕ್ಕೂ ಒಂದೇ ಮದ್ದೆನ್ನುವುದು ಜ್ವರಗಳಿಗೆಲ್ಲ ಒಂದೇ ಕಷಾಯವೆಂಬ ವೈದ್ಯನ ರೀತಿಯಾಗುವುದು.

ಮೊಜಾಯಿಕ್ಕನ್ನು ಹಿಂದೆಗೆಸಿದ್ದು ಮದ್ದಲ್ಲ, ತಳಿ. ಜಾವಾದಲ್ಲಿಯೂ, ೧೯೧೨ರಲ್ಲಿ ಸ್ಥಾಪಿತವಾದ ಕೊಯಮತ್ತೂರಿನ ಕಬ್ಬಿನ ತಳಿಕೇಂದ್ರದಲ್ಲಿಯೂ ವಿದ್ವಾಂಸರು ಸಿಹಿಕಬ್ಬನ್ನು ಕಾಡುಕಬ್ಬಿನೊಡನೆ ಕೂಡಿಸಿ ಗಟ್ಟಿಯಾದ ಸಂಕರಗಳನ್ನು ಪಡೆದರು. ಆ ಕಾಡುಕಬ್ಬು ಬೇರೆ ಯಾವುದೂ ಅಲ್ಲ, ಶರದೃತುವಿನ ವರ್ಣನೆಯಲ್ಲಿ ಸಂಸ್ಕೃತ ಕವಿಗಳು ಹೊಳೆಯ ದಡದ ಬಿಳಿಯ ಹೂವೆಂದು ಮರೆಯದೆ ಹೇಳುವ ಕಾಶವೇ. ಕಾವ್ಯದಲ್ಲಿ ಅಲಂಕಾರವಾಗಿದ್ದ ಹುಲ್ಲು ಕಬ್ಬಿನ ವಂಶಕ್ಕೆ ಕಸುವನ್ನು ಕೊಟ್ಟಿತು. ಕೊಯಮತ್ತೂರಿನ ಬಾರ್ಬರ್ ಮತ್ತು ಟಿ. ಎಸ್. ವೆಂಕಟರಾಮನ್ ಇವರ ಮೊದಲ ಸಂಕರವಾದ ಕೊ. ೨೦೫ ಉತ್ತರದೇಶಕ್ಕೆ ೧೯೧೮ರಲ್ಲಿ ಹೋಯಿತು, ಜಾವಾದ ಪಿ.ಒ.ಜೆ. ೨೮೭೮ ಎಂಬ ಕಬ್ಬಿನ ಸಂತಾನವಾದ ಕೊ. ೪೧೯ ದಕ್ಷಿಣದಲ್ಲಿ ಹಬ್ಬಿತು. ಮೈಸೂರಿನ ಹೆಬ್ಬಾಳದಲ್ಲಿ ಹುಟ್ಟಿದ ಎಚ್.ಎಂ. ೩೨೦ ನಾಲೆಯ ಬಯಲಿನಲ್ಲಿ ಬೆಳೆಯಿತು, ಆಮೇಲೆ ಕೊ. ೬೨೧೭೫, ಕೊ. ೮೬೦೩೨ಗಳು ಬಂದುವು. ರಸದಾಳಿ ಪಟ್ಟಾಪಟ್ಟಿಗಳು ಹಿಂದೆ ಸರಿದುವು. ರೋಗದ ಬುಡವನ್ನು ಕಿತ್ತುಹಾಕುವುದು, ರೋಗವಿಲ್ಲದ ಹೊಲದಿಂದ ಮಾತ್ರ ಬಿತ್ತನೆಯನ್ನು ಆರಿಸುವುದು, ಬದುವಿನ ಹುಲ್ಲನ್ನು ತೆಗೆಯುವುದು ಇವು ಇದರೊಡನೆ ನಡೆದ ಉಪಾಯಗಳು. ಮೆಣಸಿನಕಾಯಿಯ ಹೊಲದ ಸುತ್ತ ಜೋಳದ ಸಾಲುಗಳನ್ನು ಬೆಳೆಸುವುದೂ ಇದೇ ತತ್ತ್ವದ್ದು. ಹಾರಿಬಂದ ಹೇನು ಮೊದಲು ಜೋಳವನ್ನು ಚುಚ್ಚಿ ಬಾಯ ನಂಜನ್ನು ಅಲ್ಲಿಯೇ ಕಳೆದುಕೊಳ್ಳುವುದು.

ಇದಕ್ಕೆ ಪ್ರತಿಯಾದ ಉದಾಹರಣೆಯನ್ನು ಇಪ್ಪತ್ತೊಂದನೆಯ ಶತಮಾನದ ಆರಂಭವು ಒದಗಿಸಿತು. ಜಾವಾದಲ್ಲಿ ಜೇಂಟ್ನರ್ ಎಂಬ ವಿದ್ವಾಂಸನು ೧೮೯೭ರಲ್ಲಿ ಕಬ್ಬಿನ ಎರಡು ಹೇನುಗಳಿಗೆ ಹೆಸರಿಟ್ಟನು. ಒಂದು, ಹಳದಿ ಎಲೆ ರೋಗವನ್ನು ಹರಡುವುದೆಂದು ಒಂದು ಶತಮಾನದ ಬಳಿಕ ತಿಳಿದ ಕಬ್ಬಿನ ಹೇನು. ಇನ್ನೊಂದು, ಮೈಯೆಲ್ಲ ಬಿಳಿಯ ಮೇಣದ ಎಳೆಗಳಿಂದ ಮುಚ್ಚಿಕೊಂಡ ಬಿಳಿ ಉಣ್ಣೆಹೇನು. ಈ ಎರಡನೆಯದು ಭಾರತದಲ್ಲಿ ೧೯೫೮ರಲ್ಲಿ ಪಶ್ಚಿಮ ಬಂಗಾಳದಿಂದ ವರದಿಯಾಗಿ, ಬಹುಕಾಲ ಈಶಾನ್ಯ ಭಾಗದಲ್ಲಿಯೇ ಉಳಿದಿದ್ದಿತು. ೨೦೦೨ರಲ್ಲಿ ಮಹಾರಾಷ್ಟ್ರದ ಸಾಂಗ್ಲಿಯ ಕಡೆ ಹಠಾತ್ತಾಗಿ ಕಾಣಿಸಿಕೊಂಡು, ಅದೇ ವರ್ಷ ಉತ್ತರ ಕರ್ನಾಟಕಕ್ಕೂ, ತರುವಾಯ ಕಾವೇರಿಯ ಬಯಲಿಗೂ ಇಳಿಯಿತು. ಎಲೆಯ ಅಡಿಯಲ್ಲಿ ಹತ್ತಿಯನ್ನು ಅಂಟಿಸಿದಂತೆ ಸಾಲುಗಟ್ಟಿ ಕುಳಿತು ಅದು ರಸವನ್ನು ಹೀರಿತು. ಅದು ಸುರಿಸಿದ ಸಿಹಿಯಂಟಿನ ಮೇಲೆ ಕರಿಯ ಬೂಷ್ಟು ಬೆಳೆದು ಕೆಳಗಿನ ಎಲೆಗಳು ಮಸಿ ಬಳಿದಂತಾದುವು. ಚೀಣಾದೇಶದ ದಕ್ಷಿಣದಲ್ಲಿ ಈ ಹೇನೂ ಹಳದಿ ಎಲೆಯ ನಂಜನ್ನು ಒಯ್ಯಬಲ್ಲದೆಂದು ಅಲ್ಲಿನವರು ಬರೆದಿರುವರು. ನಮ್ಮಲ್ಲಿ ಆದ ಕೇಡಾದರೋ ಹೀರುವುದರಿಂದಲೇ ಆದುದು. ಒಂದಾಳಿಗಿಂತ ಎತ್ತರಕ್ಕೆ ಬೆಳೆದು ಹೆಣೆದುಕೊಂಡ ಕಬ್ಬಿನೊಳಗೆ ನುಗ್ಗಿ ಎಲೆಯ ಅಡಿಗೆ ಮದ್ದು ಹೊಡೆಯುವುದು ಪ್ರಯಾಸದ ಕೆಲಸ. ಹೊಡೆದಲ್ಲಿ ಹೇನಿನ ಶತ್ರುಗಳೂ ಸಾಯುವುವು.

ಆ ಶತ್ರುಗಳೇ ಕೊನೆಗೆ ಕೈಹಿಡಿದುವು. ಡಿಫಾ ಎಂಬ ಪತಂಗದ ಮರಿಹುಳು ಉಣ್ಣೆಹೇನಿನ ಗುಂಪಿನಲ್ಲಿಯೇ ಬಲೆನೆಯ್ದುಕೊಂಡು ಅವನ್ನು ತಿನ್ನುವುದು. ಮೈಕ್ರೋಮಸ್ ಎಂಬ ಕಂದುಬಣ್ಣದ ಜಾಲರೆಕ್ಕೆಯ ಕೀಟದ ಮರಿಗೂ ಅದೇ ಆಹಾರ. ಬೆಂಗಳೂರಿನಲ್ಲಿದ್ದ ಜೈವಿಕ ನಿಯಂತ್ರಣ ನಿರ್ದೇಶನಾಲಯವೂ ಕೃಷಿವಿಶ್ವವಿದ್ಯಾನಿಲಯಗಳೂ ಇವನ್ನು ಸಾಕಿ ಹಂಚುವ ಕ್ರಮವನ್ನು ರೂಪಿಸಿದುವು. ಹುಳುಗಳಿರುವ ಎಲೆಗಳನ್ನು ಒಂದು ಹೊಲದಿಂದ ಕೊಯ್ದು ಇನ್ನೊಂದಕ್ಕೆ ಕಟ್ಟುವ ಸುಲಭೋಪಾಯವೂ ನಡೆಯಿತು. ಹೇನಿನ ಒಡಲಲ್ಲಿ ಮೊಟ್ಟೆಯಿಡುವ ಎನ್ಕಾರ್ಸಿಯಾ ಎಂಬ ಕಣಜವನ್ನು ಅಸ್ಸಾಮಿನಿಂದ ತಂದು ಬಿಡಲಾಯಿತು. ಅವರೆಯ ಹೊಲದಲ್ಲಿ ಗುಲಗಂಜಿ ಹುಳು ಮಾಡುವ ಕೆಲಸವನ್ನು ಕಬ್ಬಿನಲ್ಲಿ ಇವು ಮಾಡಿದುವು. ಉಣ್ಣೆಹೇನಿನ ಹಾವಳಿಯು ಕೆಲವೇ ವರ್ಷಗಳಲ್ಲಿ ಇಳಿಯಿತು. ಹೀರಿ ಕೆಡಿಸುವ ಹೇನಿಗೆ ಅದನ್ನು ತಿನ್ನುವ ಹುಳುವು ಸರಿಯಾದ ಪ್ರತಿವಿಧಾನ, ಏಕೆಂದರೆ ಹೇನುಗಳು ಕಡಮೆಯಾದಷ್ಟೂ ನಷ್ಟವು ಕಡಮೆ. ನಂಜನ್ನು ಒಯ್ಯುವ ಹೇನಿಗೆ ಈ ಲೆಕ್ಕವು ಹೊಂದುವುದಿಲ್ಲ. ಅಲ್ಲಿ ದಾರಿಹೋಕವಾದ ಕೆಲವೇ ಹೇನುಗಳು ಹೊಲವನ್ನೆಲ್ಲ ಕೆಡಿಸಬಲ್ಲವು.

ಕಬ್ಬಿನ ಹಳದಿ ಎಲೆ ರೋಗವು ಭಾರತದಲ್ಲಿ ೧೯೯೯ರಲ್ಲಿ ವರದಿಯಾಯಿತು. ಎಲೆಯ ನಡುನರವು ಅಡಿಯಿಂದ ಹಳದಿಯಾಗಿ, ಬಳಿಕ ಎಲೆಯೂ ಒಣಗುತ್ತದೆ. ಗೆಣ್ಣುಗಳು ಗಿಡ್ಡವಾಗಿ ಸುಳಿಯು ಗೊಂಚಲಾಗುತ್ತದೆ. ಬರಗಾಲದ ಅಥವ ಗೊಬ್ಬರದ ಕೊರತೆಯ ಲಕ್ಷಣವೆಂದು ಇದನ್ನು ಎಣಿಸುವುದು ಸುಲಭವಾದುದರಿಂದ ಕೂಳೆಯಿಂದ ಕೂಳೆಗೆ, ತುಂಡಿನಿಂದ ತುಂಡಿಗೆ ಇದು ಸದ್ದಿಲ್ಲದೆ ಸಾಗುವುದು. ಬಿಸಿನೀರಿನಲ್ಲಿ ತುಂಡುಗಳನ್ನು ಅದ್ದುವುದರಿಂದ ಈ ನಂಜು ಹೋಗುವುದಿಲ್ಲ. ಕಬ್ಬಿನ ಕುಡಿಯ ತುತ್ತತುದಿಯ, ಹೇನಿನ ಮೈಗಿಂತಲೂ ಚಿಕ್ಕದಾದ ಒಂದು ಕಣವನ್ನು ಕೊಯ್ದು, ಗಾಜಿನ ನಳಿಕೆಯಲ್ಲಿ ಪೋಷಿಸಿ, ಪರೀಕ್ಷಿಸಿ ನಂಜಿಲ್ಲವೆಂದು ಕಂಡ ಸಸಿಗಳಿಂದ ಬಿತ್ತನೆಯ ತಾಕುಗಳನ್ನು ಎಬ್ಬಿಸುವುದು ಇದಕ್ಕೆ ಗೊತ್ತಾದ ಕ್ರಮ. ಅಂಥ ತಾಕಿನ ಕಬ್ಬೂ ರೈತನ ಹೊಲವನ್ನು ಸೇರಿದ ಮೇಲೆ ಹೇನು ಮತ್ತೆ ನಂಜನ್ನು ತರಬಲ್ಲದಾದ ಕಾರಣ, ಕೆಲವು ವರ್ಷಗಳಿಗೊಮ್ಮೆ ಬಿತ್ತನೆಯನ್ನು ಹೊಸದಾಗಿ ತರಿಸಬೇಕೆಂದೂ, ರೋಗ ಕಂಡ ಹೊಲದಲ್ಲಿ ಕೂಳೆಯನ್ನು ಬಿಡಬಾರದೆಂದೂ ವಿಧಿಸಲಾಗಿದೆ.